ಮೀಸೆಯಕ್ಕನ ಮೂರನೆಯ ಗೂಡು

ಎರಡನೆಯ ಮಹಡಿಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮೀಸೆಯಕ್ಕ ಎಂದೇ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಹೆಸರು ಕೇಳಿ, ಎದುರಿಗೆ ಬಂದ ಐವತ್ತರ ಆಸುಪಾಸಿನ ದುಂಡುಮುಖದ ಹೆಂಗಸಿನ ಮೇಲ್ದುಟಿಯನ್ನು ಕದ್ದು ನೋಡಿ, ಅಲ್ಲಿ ಏನೂ ಕಾಣದೆ ತಬ್ಬಿಬ್ಬಾಗುತ್ತಾರೆ. ಅವಳಿಗೆ ಇದು ಅಭ್ಯಾಸವಾಗಿ ಹೋಗಿದೆ. ಮೀಸೆ ತನ್ನದಲ್ಲ, ಇಲಿಗಳದ್ದು ಎಂದು ತಾನೇ ಮುಂದಾಗಿ ಹೇಳಿ ಅವರನ್ನು ಪಾರು ಮಾಡುತ್ತಾಳೆ. ಹೆತ್ತವರು ಇಟ್ಟ ಹೆಸರು ಈಗ ಉಳಿದಿರುವುದು ಎರಡೇ ಕಡೆ: ಸಂಬಳದ ಚೀಟಿಯಲ್ಲಿ, ಮತ್ತು ಸಿಟ್ಟು ಬಂದಾಗ ಗಂಡನ ಬಾಯಲ್ಲಿ.

ಬೆಳಿಗ್ಗೆ ಬಂದವಳೇ ಚಪ್ಪಲಿ ಬದಲಿಸಿ, ನೀಲಿ ಗೌನು ತೊಟ್ಟು, ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿ ಇಲಿಕೋಣೆಗೆ ಹೋಗುತ್ತಾಳೆ. ಗೋಡೆಯುದ್ದಕ್ಕೂ ಕಬ್ಬಿಣದ ಚೌಕಟ್ಟುಗಳಲ್ಲಿ ಪಾರದರ್ಶಕ ಪೆಟ್ಟಿಗೆಗಳು, ಅವುಗಳಲ್ಲಿ ಮರದ ಹೊಟ್ಟು, ಹರಿದ ಕಾಗದದ ಗೂಡು, ಗೂಡಿನಲ್ಲಿ ಹುರುಳಿಕಾಳಿನಂಥ ಕಣ್ಣಿನ ತಾಯಂದಿರು. ಹುಟ್ಟಿ ಒಂದೆರಡು ದಿನವಾದ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಭೂತಗನ್ನಡಿಯ ಕೆಳಗೆ ಅದರ ಮೂತಿ ನೋಡುವುದು ಅವಳ ದಿನದ ಮೊದಲ ಕೆಲಸ. ಮೀಸೆ ನೆಟ್ಟಗಿದ್ದರೆ ಮರಿ ಚೆನ್ನಾಗಿದೆ. ಸುರುಳಿ ಸುತ್ತಿಕೊಂಡಿದ್ದರೆ ಅದಕ್ಕೆ ತಾಮ್ರದ ಕಾಯಿಲೆ.

ತಾಮ್ರದ ಕಾಯಿಲೆ ಎಂದರೆ ತಾಮ್ರ ಹೆಚ್ಚಾಗಿ ಬರುವುದಲ್ಲ, ಸಾಲದೆ ಬರುವುದು. ಮೈಗೆ ಬೇಕಾದ ತಾಮ್ರ ಧೂಳಿನ ಕಣದಷ್ಟು. ಆ ಕಣ ಇಲ್ಲದಿದ್ದರೆ ಕೂದಲಿಗೆ ಬಣ್ಣವಿಲ್ಲ, ಮೀಸೆಗೆ ನೆಟ್ಟಗೆ ನಿಲ್ಲುವ ತ್ರಾಣವಿಲ್ಲ, ಮೈಯಲ್ಲಿ ಕಾವಿಲ್ಲ. ತಾಯಿಯ ಹಾಲಿನಲ್ಲಿ ತಾಮ್ರ ಇದ್ದೇ ಇರುತ್ತದೆ, ಕರುಳಿನವರೆಗೂ ಬರುತ್ತದೆ. ಅಲ್ಲಿಂದ ಮೈಯೊಳಕ್ಕೆ ಬಿಡಬೇಕಾದ ಬಾಗಿಲು ಹುಟ್ಟುವಾಗಲೇ ಕೆಟ್ಟಿರುತ್ತದೆ. ಈ ಕೆಟ್ಟ ಬಾಗಿಲು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಇಲಿಯಲ್ಲಾದರೆ ತಾಯಿಗೆ ಮೈಮೇಲೆ ಅಲ್ಲಲ್ಲಿ ಮಾಸಿದ ಪಟ್ಟೆಗಳು, ಅಷ್ಟೇ. ಗಂಡುಮರಿ ಮಾತ್ರ ಬಿಳಚಿಕೊಂಡು, ತಣ್ಣಗಾಗಿ, ನಡುಗುತ್ತ ಎರಡು ವಾರ ಕಳೆಯುವಷ್ಟರಲ್ಲಿ ಹೊರಟುಹೋಗುತ್ತದೆ.

ಮನುಷ್ಯರಲ್ಲೂ ಅಪರೂಪಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಮೀಸೆಯಕ್ಕನ ತಂಗಿಯ ಮೊದಲ ಮಗನಿಗೆ ಇತ್ತು. ತಂತಿಯಂತೆ ಮುರಿಯುವ ತಿಳಿಬಣ್ಣದ ಕೂದಲು, ಯಾವಾಗ ಮುಟ್ಟಿದರೂ ತಣ್ಣನೆಯ ಕೈಕಾಲು. ಮನೆಯವರೆಲ್ಲ ಸರದಿ ಹಾಕಿಕೊಂಡು ಆ ಮಗುವನ್ನು ಎದೆಗೆ ಅವಚಿಕೊಂಡು ಓಡಾಡಿದರು. ತಂಗಿ, ತಂಗಿಯ ಗಂಡ, ಅಮ್ಮ, ಮೀಸೆಯಕ್ಕ. ಅಂಗಿಯೊಳಗೆ ಇಟ್ಟುಕೊಂಡು ಮೇಲೆ ಶಾಲು ಸುತ್ತಿಕೊಳ್ಳುತ್ತಿದ್ದರು. ಡಾಕ್ಟರರು ಒಳ್ಳೆಯ ಮನಸ್ಸಿನವರೇ. ಎತ್ತಿಕೊಳ್ಳುವುದರಿಂದ ಕಾಯಿಲೆಯಲ್ಲಿ ಏನೂ ವ್ಯತ್ಯಾಸವಾಗದು, ನೀವು ಸ್ವಲ್ಪ ಮಲಗಿ ಸುಧಾರಿಸಿಕೊಳ್ಳಿ ಎಂದಿದ್ದರು. ಮಗು ಅವರು ಹೇಳಿದ ಅವಧಿ ದಾಟಿ ಇತ್ತು. ಆಮೇಲೆ ಇರಲಿಲ್ಲ.

ಆಗ ಮೀಸೆಯಕ್ಕ ಬಣ್ಣದ ಕಾರ್ಖಾನೆಯಲ್ಲಿ, ಡಬ್ಬಿಯ ಬಣ್ಣ ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸದಲ್ಲಿದ್ದಳು. ಮಗು ಹೋದ ಮೇಲೆ ಅಕ್ಕತಂಗಿ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಅಮ್ಮನಿಂದ ತಂಗಿಗೆ ಬಂದಿದ್ದ ದೋಷ ಅಕ್ಕನಿಗೆ ಬಂದಿರಲಿಲ್ಲ. ಬರೀ ಅದೃಷ್ಟ. ಆ ಅದೃಷ್ಟ ಅವಳಿಗೆ ನುಂಗಲಾರದ ತುತ್ತಾಯಿತು. ಕಾರ್ಖಾನೆ ಬಿಟ್ಟಳು, ತನ್ನ ಅರ್ಧ ವಯಸ್ಸಿನವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಮತ್ತೆ ಓದಿದಳು, ಈ ಕಾಯಿಲೆಯ ಮೇಲೆ ಕೆಲಸ ಮಾಡುವ ಪ್ರೊಫೆಸರರ ಬಾಗಿಲು ತಟ್ಟಿದಳು. ನಿಮಗೆ ಏನು ಬರುತ್ತದೆ ಎಂದು ಅವರು ಕೇಳಿದ್ದಕ್ಕೆ, ಬಿಳಿಯಲ್ಲಿ ಎಷ್ಟು ಬಗೆ ಉಂಟೋ ಅಷ್ಟನ್ನೂ ಬೇರೆ ಬೇರೆ ಹೇಳಬಲ್ಲೆ ಎಂದಳು. ಮರಿಗಳ ತುಪ್ಪಳದ ಬಿಳುಪು ನೋಡಿಯೇ ಕಾಯಿಲೆ ಅಳೆಯುತ್ತಿದ್ದ ಪ್ರೊಫೆಸರರು ಕುರ್ಚಿಯಿಂದ ಎದ್ದು ನಿಂತರಂತೆ. ಇದು ಅವಳೇ ಹೇಳುವ ಕತೆ. ಪ್ರೊಫೆಸರರನ್ನು ಕೇಳಿದರೆ, ತಾವು ಎದ್ದದ್ದು ಕಿಟಕಿ ಮುಚ್ಚಲು ಎನ್ನುತ್ತಾರೆ.

ಅವಳ ಗಂಡ ಬಿಸಿನೀರಿನ ಬಾಯ್ಲರ್ ರಿಪೇರಿ ಮಾಡುವವನು. ಹಾಗಾಗಿ ಆ ಮನೆಯಲ್ಲಿ ಇಬ್ಬರಿಗೂ ಅನ್ನ ಹಾಕುವುದು ತಾಮ್ರವೇ. ಅವನಿಗೆ ಅದು ಹೆಗಲ ಮೇಲೆ ಹೊತ್ತು ತರುವ ಪೈಪು, ಅವಳಿಗೆ ಕಣ್ಣಿಗೆ ಕಾಣದ ಕಣ. ಊಟಕ್ಕೆ ಕೂತಾಗ ಅವನು ಮೂಲೆಯಲ್ಲಿ ಒರಗಿಸಿಟ್ಟ ಪೈಪುಗಳ ಕಡೆ ಕೈ ತೋರಿಸಿ, ಬೇಕಾದಷ್ಟು ಬಿದ್ದಿದೆ, ನಿನ್ನ ಇಲಿಗಳಿಗೆ ಒಂದು ಗೇಣು ಕತ್ತರಿಸಿಕೊಡಲೇ ಎಂದು ಕೇಳುವುದು ಹಳೆಯ ಚಟಾಕಿ. ಅವಳು ಪ್ರತಿ ಸಲವೂ ನಗುತ್ತಾಳೆ. ಸಂಸಾರ ಸಾಗುವುದೇ ಹೀಗೆ.

ಇನ್ನು ಮದ್ದಿನ ವಿಷಯ. ನಮ್ಮ ಪ್ರತಿಯೊಂದು ಜೀವಕೋಶದೊಳಗೂ ಮೈಟೊಕಾಂಡ್ರಿಯ ಎಂಬ ಪುಟಾಣಿ ಒಲೆಗಳಿವೆ. ಉಂಡದ್ದನ್ನು ಉರಿಸಿ ದುಡಿಮೆಗೆ ಬೇಕಾದ ಶಕ್ತಿ ಮಾಡಿಕೊಡುವುದು ಅವುಗಳ ಕೆಲಸ. ಪ್ರೊಫೆಸರರ ಕೈಗೆ ಸಿಕ್ಕಿದ್ದ ಒಂದು ಮದ್ದು, ಉರಿಗೂ ದುಡಿಮೆಗೂ ಇರುವ ಕೊಂಡಿಯನ್ನು ಕೊಂಚ ಕಳಚುವಂಥದ್ದು. ಚೈನು ಕಳಚಿದ ಸೈಕಲ್ಲನ್ನು ತುಳಿದಂತೆ: ಸೈಕಲ್ಲು ಮುಂದೆ ಹೋಗುವುದಿಲ್ಲ, ತುಳಿಯುವವನ ಮೈ ಮಾತ್ರ ಬಿಸಿಯಾಗುತ್ತದೆ. ಅಳತೆ ಮೀರಿದರೆ ಜೀವಕ್ಕೇ ಅಪಾಯ. ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡಿದಾಗ ಅದಕ್ಕೆ ಇನ್ನೊಂದು ಗುಣವೂ ಇರುವುದು ಗೊತ್ತಾಯಿತು. ಕೋಶದೊಳಕ್ಕೆ ನುಗ್ಗುವಾಗ ಅದು ತಾಮ್ರವನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತಿತ್ತು, ಕೆಟ್ಟ ಬಾಗಿಲಿನ ಹಂಗೇ ಇಲ್ಲದೆ. ಅದರ ನಿಜವಾದ ಹೆಸರು ಒಂದು ಸಾಲಿನಷ್ಟು ಉದ್ದ. ಉರಿಯ ಶಕ್ತಿ ಕಾವಾಗಿ ಸೋರಿಹೋಗುತ್ತದೆಂದು ಪ್ರಯೋಗಾಲಯದವರು ಸೋರುಮದ್ದು ಎಂದು ಕರೆದು ಕೈತೊಳೆದುಕೊಂಡರು.

ಸೋರುಮದ್ದನ್ನು ಮರಿಗಳ ಮೇಲೆ ಪರೀಕ್ಷಿಸುವ ಬಗೆಯನ್ನು ಹೊಂದಿಸಿದವಳು ಮೀಸೆಯಕ್ಕ. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವೂ ಇತ್ತು. ಒಂದೇ ದಿನ ಹುಟ್ಟಿದ ಸುರುಳಿಮೀಸೆಯ ಮರಿಗಳನ್ನೆಲ್ಲ ಬೇರೆ ಬೇರೆ ತಾಯಂದಿರಿಂದ ತಂದು, ಸಮಾಧಾನದ ಸ್ವಭಾವದ ಒಬ್ಬಳೇ ತಾಯಿಯ ಮಡಿಲಿಗೆ ಹಾಕುವುದು. ಗಟ್ಟಿಮುಟ್ಟಾದ ಮರಿಗಳು ಅಲ್ಲಿರಬಾರದು, ಇದ್ದರೆ ಹಾಲೆಲ್ಲ ಅವುಗಳ ಪಾಲು. ಹಾಗೆ ಸೇರಿದ ಮರಿಗಳಲ್ಲಿ ಅರ್ಧಕ್ಕೆ ಎಣ್ಣೆಯಲ್ಲಿ ಕರಗಿಸಿದ ಮದ್ದು, ಉಳಿದರ್ಧಕ್ಕೆ ಬರೀ ಎಣ್ಣೆ. ಮದ್ದು ಕುಡಿದವಕ್ಕೆ ಬಾಲದ ಮೇಲೆ ಒಂದು ಕಪ್ಪು ಚುಕ್ಕೆ. ಒಂದೇ ತಾಯಿ, ಒಂದೇ ಹಾಲು, ಒಂದೇ ಗೂಡು. ವ್ಯತ್ಯಾಸ ಬಂದರೆ ಅದು ಮದ್ದಿನದೇ, ಬೇರೆ ಯಾರೂ ಹಕ್ಕು ಸಾಧಿಸುವಂತಿಲ್ಲ.

ವ್ಯತ್ಯಾಸ ಬರಲೇ ಇಲ್ಲ. ಒಂದು ಸುತ್ತು ಆಯಿತು, ಎರಡು ಸುತ್ತು ಆಯಿತು, ಚುಕ್ಕೆಯ ಮರಿಗಳೂ ಚುಕ್ಕೆಯಿಲ್ಲದ ಮರಿಗಳೂ ಮಾತಾಡಿಕೊಂಡಂತೆ ಒಟ್ಟೊಟ್ಟಿಗೆ ಬದುಕಿ ಒಟ್ಟೊಟ್ಟಿಗೆ ಹೋದವು. ಚುಕ್ಕೆಯವುಗಳ ಮೀಸೆ ತುಸು ಸಡಿಲಿದಂತೆ ಕಂಡರೂ ಆಯುಸ್ಸಿನ ಲೆಕ್ಕದ ಮುಂದೆ ಅದನ್ನು ಯಾರು ಕೇಳುತ್ತಾರೆ? ಪ್ರೊಫೆಸರರು ಅವಳನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಕನ್ನಡಕ ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಸುದ್ದಿ ಕೆಟ್ಟದ್ದೇ ಎಂದು ಎರಡನೆಯ ಮಹಡಿಗೆಲ್ಲ ಗೊತ್ತು. ಸಂಸ್ಥೆಯ ಸಮಿತಿ ಮುಂದಿನ ತಿಂಗಳು ಕೂರುತ್ತದೆ, ತೋರಿಸಲು ಏನೂ ಇಲ್ಲದಿದ್ದರೆ ಸೋರುಮದ್ದಿನ ಕೆಲಸ ನಿಲ್ಲುತ್ತದೆ, ಈ ತಳಿಯ ಇಲಿಗಳನ್ನು ಮುಂದೆ ಸಾಕುವುದೂ ಇಲ್ಲ ಎಂದರು. ನಿಮಗೆ ಕೆಳಗಿನ ಮಹಡಿಯಲ್ಲಿ ಬೇರೆ ಕೆಲಸ ಕೊಡಿಸುತ್ತೇನೆ ಎಂದೂ ಸೇರಿಸಿದರು. ಅದು ಮೂಳೆ ಸವೆತದ ಕೆಲಸ. ಮೂಳೆಯ ಮೇಲೆ ಮೀಸೆಯಕ್ಕನಿಗೆ ದ್ವೇಷವೇನಿಲ್ಲ. ಆದರೆ ಈ ಕಾಯಿಲೆಗೆ ಒಂದು ದಾರಿ ಕಾಣಬೇಕೆಂದು ಬಂದವಳು ಬರಿಗೈಯಲ್ಲಿ ಮೆಟ್ಟಿಲಿಳಿಯುವುದು ಹೇಗೆ? ಅವಳಿಗೆ ಅಳು ಬರುವಂತಾಯಿತು, ಪ್ರೊಫೆಸರರ ಮುಂದೆ ಅಳಬಾರದೆಂದು ಕೆಮ್ಮಿದಳು.

ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು. ಗಂಡ ಪೈಪಿನ ಚಟಾಕಿ ಹಾರಿಸಲು ಬಾಯಿ ತೆರೆದವನು, ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅವಳ ತಲೆಯಲ್ಲಿ ಒಂದೇ ಯೋಚನೆ ಕೊರೆಯುತ್ತಿತ್ತು. ಬರೀ ಎಣ್ಣೆ ಕುಡಿದ ಮರಿಗಳು ಹಿಂದೆಂದೂ ಇಷ್ಟು ದಿನ ಬದುಕಿದ್ದಿಲ್ಲ. ಹೊಸ ಮೇವು ಚೆನ್ನಾಗಿರಬೇಕು ಎಂದು ಪ್ರೊಫೆಸರರು ತಳ್ಳಿಹಾಕಿದ್ದರು. ಇರಬಹುದು. ಅಥವಾ ಮದ್ದು ಮರಿಯ ಮೈಗೆ ಹತ್ತುತ್ತಲೇ ಇಲ್ಲವೋ ಏನೋ. ಹತ್ತಿದ್ದರೆ ಮೈ ಬಿಸಿಯಾಗಲೇಬೇಕು. ಕಡಲೆಕಾಯಿಯಷ್ಟು ದೊಡ್ಡ ಜೀವಕ್ಕೆ ಥರ್ಮಾಮೀಟರ್ ಚುಚ್ಚಿ ಗೋಳು ಹುಯ್ದುಕೊಳ್ಳದೆ ಬಿಸಿ ನೋಡುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಅವಳ ಕಣ್ಣು ಗಂಡನ ಚೀಲದ ಮೇಲೆ ಬಿತ್ತು. ಗೋಡೆಯೊಳಗೆ ಬಿಸಿನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವನ ಬಳಿ ಒಂದು ಕ್ಯಾಮರಾ ಇತ್ತು. ಬಿಸಿಯಾದದ್ದನ್ನು ಕಿತ್ತಳೆಯಾಗಿಯೂ ತಣ್ಣಗಿನದನ್ನು ನೀಲಿಯಾಗಿಯೂ ತೋರಿಸುವಂಥದ್ದು. ಎರಡು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದಳು. ಇಲಿಗಳ ಮನೆಯಲ್ಲೂ ಪೈಪು ಸೋರುತ್ತದೆಯೇ ಎಂದು ಅವನು ಹುಬ್ಬೇರಿಸಿದ. ಸೋರುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ಬೇಕು ಎಂದಳು.

ಮರುದಿನ ಕ್ಯಾಮರಾವನ್ನು ಚೆನ್ನಾಗಿ ಒರೆಸಿ ಒಳಗೆ ಒಯ್ದು, ಆಗಲೇ ಶುರುವಾಗಿದ್ದ ಮೂರನೆಯ ಸುತ್ತಿನ ಮರಿಗಳ ಪೆಟ್ಟಿಗೆಯ ಮುಚ್ಚಳ ತೆಗೆದು ಗೂಡಿನ ಮೇಲೆ ಹಿಡಿದಳು. ತಾಯಿ ಮೇವು ತಿನ್ನಲು ಎದ್ದುಹೋಗಿದ್ದಳು. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಮುದ್ದೆಯಾಗಿ ಮಲಗಿದ್ದವು. ತೆರೆಯ ಮೇಲೂ ಒಂದೇ ಮುದ್ದೆ, ಒಂದೇ ಕಿತ್ತಳೆ. ಚುಕ್ಕೆಯದು ಯಾವುದು, ಚುಕ್ಕೆಯಿಲ್ಲದ್ದು ಯಾವುದು, ಏನೂ ತಿಳಿಯಲಿಲ್ಲ. ಮದ್ದು ಹತ್ತಿಯೇ ಇಲ್ಲ, ಎಲ್ಲ ಮುಗಿಯಿತು ಎಂದುಕೊಂಡಳು. ಆದರೂ ತೂಕ ನೋಡುವ ಹೊತ್ತಾಗಿತ್ತು. ಕ್ಯಾಮರಾವನ್ನು ಮೇಜಿನ ದೀಪದ ಕಂಬಕ್ಕೆ ನೇತುಹಾಕಿ, ದಿನದ ಪದ್ಧತಿಯಂತೆ ಮರಿಗಳನ್ನು ಒಂದೊಂದಾಗಿ ಎತ್ತಿ ಬೇರೆ ಬೇರೆ ಬಟ್ಟಲಲ್ಲಿ ಇಟ್ಟಳು. ಮೊದಲನೆಯದರ ತೂಕ ಮುಗಿಸಿ ತಲೆ ಎತ್ತುವಷ್ಟರಲ್ಲಿ ತೆರೆಯ ಮೇಲೆ ಬಟ್ಟಲುಗಳ ಬಣ್ಣ ಬೇರೆಯಾಗಿತ್ತು. ಕೆಲವು ಇನ್ನೂ ಕಿತ್ತಳೆ. ಕೆಲವು ನೀಲಿಗೆ ತಿರುಗುತ್ತಿದ್ದವು. ಬಾಲ ತಿರುಗಿಸಿ ನೋಡಿದಳು. ಕಿತ್ತಳೆಯವಕ್ಕೆಲ್ಲ ಚುಕ್ಕೆ ಇತ್ತು.

ಅವಸರದಿಂದ ಎಲ್ಲವನ್ನೂ ಗೂಡಿಗೆ ಹಿಂದಿರುಗಿಸಿ ತೆರೆಯನ್ನೇ ನೋಡುತ್ತ ನಿಂತಳು. ನೀಲಿ ಮರಿಗಳು ಕಣ್ಣು ಬಿಡದಿದ್ದರೂ ತೆವಳಿ, ತಲೆ ತೂರಿಸಿ, ಕಿತ್ತಳೆ ಮರಿಗಳ ನಡುವೆ ನುಸುಳಿ ತಳಕ್ಕಿಳಿದವು. ಸ್ವಲ್ಪ ಹೊತ್ತಿಗೆಲ್ಲ ಅವೂ ಕಿತ್ತಳೆಯಾದವು. ಮದ್ದು ಕುಡಿದವರು ಹೊರಗೆ, ಕುಡಿಯದವರು ನಡುವೆ, ಗಡದ್ದಾಗಿ ನಿದ್ದೆ. ಮೀಸೆಯಕ್ಕ ಸ್ಟೂಲಿನ ಮೇಲೆ ಕುಸಿದು ಕೂತು, ಇಲಿಕೋಣೆಯಲ್ಲಿ ಸದ್ದು ಮಾಡಬಾರದೆಂಬ ನಿಯಮ ಮರೆತು ನಕ್ಕಳು. ಒಂದೇ ತಾಯಿ, ಒಂದೇ ಹಾಲು, ಒಂದೇ ಗೂಡು ಎಂದು ಜಂಬಪಟ್ಟುಕೊಂಡಿದ್ದಳಲ್ಲ, ಆ ಒಂದೇ ಗೂಡೇ ಕೈಕೊಟ್ಟಿತ್ತು. ಮದ್ದು ಕುಡಿದ ಮರಿಗಳು ತಮ್ಮ ಕಾವನ್ನು ಪಕ್ಕದವರಿಗೆಲ್ಲ ಹಂಚುತ್ತಿದ್ದವು. ಮದ್ದು ಸೋತಿರಲಿಲ್ಲ, ಎಣ್ಣೆ ಕುಡಿದವರು ಅದರ ಗೆಲುವಿನಲ್ಲಿ ಪಾಲು ಪಡೆದಿದ್ದರು.

ಪ್ರೊಫೆಸರರಿಗೆ ತೋರಿಸಿದಾಗ ಅವರು ಮೊದಲು ನಂಬಲಿಲ್ಲ, ಆಮೇಲೆ ಕ್ಯಾಮರಾ ಬಿಡಲಿಲ್ಲ. ತಮ್ಮ ಅಂಗೈ, ಚಹಾದ ಲೋಟ, ಬಾಗಿಲಲ್ಲಿ ಇಣುಕಿದವರ ಮುಖ, ಎಲ್ಲವನ್ನೂ ಕಿತ್ತಳೆ ಮಾಡಿ ನೋಡಿದರು. ಕಡೆಗೆ ಸುಧಾರಿಸಿಕೊಂಡು, ಸಮಿತಿ ಕೂರುವ ಮೊದಲು ಇನ್ನೊಂದು ಸುತ್ತು ಮಾಡಿಬಿಡೋಣ ಎಂದರು. ಈ ಸಲ ಎರಡು ಗೂಡು. ಒಂದರಲ್ಲಿ ಎಲ್ಲಕ್ಕೂ ಮದ್ದು, ಇನ್ನೊಂದರಲ್ಲಿ ಎಲ್ಲಕ್ಕೂ ಎಣ್ಣೆ. ಹಂಚಿಕೊಳ್ಳುವ ಆಟ ನಡೆಯುವುದಿಲ್ಲ, ವ್ಯತ್ಯಾಸ ಬಂದೇ ಬರುತ್ತದೆ, ತಳಿ ಉಳಿಯುತ್ತದೆ.

ಮೀಸೆಯಕ್ಕ ಹೂಂ ಎನ್ನಬೇಕಿತ್ತು. ಎನ್ನಲಿಲ್ಲ. ಮೂರು ಗೂಡು ಮಾಡೋಣ ಸರ್ ಎಂದಳು. ಮೂರನೆಯದರಲ್ಲಿಯೂ ಬರೀ ಎಣ್ಣೆ, ಆದರೆ ಗೂಡಿನ ಕೆಳಗೆ ಬೆಚ್ಚನೆಯ ಹಲಗೆ. ಮದ್ದು ಕುಡಿದ ಗೂಡಿನ ಜೊತೆಗಾರರು ಎಷ್ಟು ಕಾವು ಕೊಡುತ್ತಿದ್ದರೋ ಅಷ್ಟೇ ಕಾವು.

ಪ್ರೊಫೆಸರರ ಕೈ ಕನ್ನಡಕಕ್ಕೆ ಹೋಯಿತು. "ಬರೀ ಕಾವಿನಿಂದಲೇ ಅಷ್ಟೂ ಆಗ್ತಿದೆ ಅಂತ ಬಂದ್ರೆ ಏನು ಮಾಡ್ತೀರಿ?" ಎಂದರು. "ಇಷ್ಟು ವರ್ಷದ ನಮ್ಮ ಮದ್ದು ಒಂದು ಬಿಸಿನೀರಿನ ಚೀಲಕ್ಕೆ ಸಮ ಅಂತ ಆಗುತ್ತೆ. ಸಮಿತಿಯವರು ನಕ್ಕು, ಬಾಗಿಲು ಹಾಕಿ ಹೋಗ್ತಾರೆ. ಎರಡು ಗೂಡು ಸಾಕು ಅಂದ್ರೆ ಯಾರೂ ನಿಮ್ಮಲ್ಲಿ ತಪ್ಪು ಹಿಡಿಯಲ್ಲ. ಯೋಚನೆ ಮಾಡಿ. ನೀವು ಹೇಳಿದ ಹಾಗೆ ಮಾಡೋಣ."

ನೀವು ಹೇಳಿದ ಹಾಗೆ ಎಂದು ಮೇಲಿನವರು ಹೇಳಿದರೆ ಹೊಣೆ ನಮ್ಮ ತಲೆ ಮೇಲೆ ಬಂತು ಎಂದರ್ಥ. ಆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ ಮೀಸೆಯಕ್ಕ ಇಡೀ ದಾರಿ ತನ್ನನ್ನು ತಾನೇ ಬೈದುಕೊಂಡಳು. ಬಾಯಿಗೆ ಬಂದ ತುತ್ತನ್ನು ಕೈಯಾರೆ ಕೆಳಗೆ ಹಾಕುವ ಬುದ್ಧಿ ಯಾಕೆ ಬೇಕಿತ್ತು? ಎರಡು ಗೂಡು ಮಾಡಿದರೆ ಎಲ್ಲರೂ ಗೆದ್ದಂತೆ.

ಆದರೆ ಒಂದು ಪ್ರಶ್ನೆ ಅವಳನ್ನು ಬಿಡುತ್ತಿರಲಿಲ್ಲ. ಅದು ಅವಳದಲ್ಲ, ತಂಗಿಯದು. ತಂಗಿ ಶಾಲೆಯ ಮಕ್ಕಳ ಬಸ್ಸು ಓಡಿಸುತ್ತಾಳೆ. ಗಟ್ಟಿ ಗಂಟಲಿನ, ಗಟ್ಟಿ ನಗುವಿನ ಹೆಂಗಸು, ನಲವತ್ತು ಮಕ್ಕಳ ಗಲಾಟೆಯನ್ನು ಕನ್ನಡಿಯಲ್ಲಿ ಒಂದು ನೋಟ ಬೀರಿ ಅಡಗಿಸಬಲ್ಲವಳು. ಮಗನ ವಿಷಯ ಅವಳು ಎತ್ತುವುದೇ ಕಡಿಮೆ. ಒಮ್ಮೆ ಮಾತ್ರ, ಅಮ್ಮ ತೀರಿಕೊಂಡ ವರ್ಷ, ಬಸ್ಸಿನ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತ, ಯಾವುದೋ ಬೆಲೆ ವಿಚಾರಿಸಿದ ಹಾಗೆ ಕೇಳಿದ್ದಳು: "ಅಲ್ಲ ಅಕ್ಕಾ, ನಾವೆಲ್ಲ ಅವನನ್ನ ಎದೆಗೆ ಅವಚಿಕೊಂಡೇ ಇದ್ವಲ್ಲ, ಅದರಿಂದ ಅವನಿಗೇನಾದ್ರೂ ಆಯ್ತಾ? ಇಲ್ಲ, ಅದೆಲ್ಲ ನಮ್ಮ ಸಮಾಧಾನಕ್ಕಾ?"

ಅಷ್ಟೆಲ್ಲ ಓದಿದ ಅಕ್ಕ ಗೊತ್ತಿಲ್ಲ ಕಣೇ ಎಂದಿದ್ದಳು. ತಂಗಿ ಸಿಪ್ಪೆ ಕೊಡವಿಕೊಂಡು ಎದ್ದಿದ್ದಳು. ಈಗ ಅದೇ ಪ್ರಶ್ನೆಗೆ ಉತ್ತರ ಕೊಡಬಲ್ಲ ಗೂಡು ಕೈಯಳತೆಯಲ್ಲಿತ್ತು, ಅದನ್ನು ಕಟ್ಟದೆ ಬಿಟ್ಟರೆ ತಂಗಿಯ ಮುಖ ನೋಡುವುದು ಹೇಗೆ ಎಂದು ಮೀಸೆಯಕ್ಕನಿಗೆ ಅನ್ನಿಸಿತು. ಮದ್ದು ಸೋತರೆ ಸೋಲಲಿ, ಮೂಳೆಯ ಮಹಡಿಗೆ ಇಳಿದರಾಯಿತು. ಮನೆ ತಲುಪುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು, ಹೊಟ್ಟೆ ಹಸಿದಿತ್ತು.

ಗಂಡನಿಗೆ ಬೆಚ್ಚನೆಯ ಹಲಗೆಯ ಕೆಲಸ ಒಪ್ಪಿಸಿದಳು. ಅಂಗಡಿಯ ಹಲಗೆಗಳು ಇಲಿಯ ಪೆಟ್ಟಿಗೆಗೆ ದೊಡ್ಡವು, ಕಾವೂ ಒಂದೇ ಸಮ ಇರುವುದಿಲ್ಲ. ಗಂಡನಿಗೆ ಹೆಮ್ಮೆಯೋ ಹೆಮ್ಮೆ. ಇಷ್ಟು ವರ್ಷ ಹೆಂಡತಿಯ ಕೆಲಸಕ್ಕೆ ಹೊರಗಿನಿಂದ ಚಟಾಕಿ ಹಾರಿಸಿದವನು ಈಗ ಒಳಗಿನವನಾಗಿದ್ದ. ಎರಡು ದಿನ ಷೆಡ್ಡಿನಲ್ಲಿ ಟಕಟಕ ಮಾಡಿ, ಮೂರನೆಯ ದಿನ ಒಂದು ಪುಟ್ಟ ಹಲಗೆ ತಂದು ಊಟದ ಮೇಜಿನ ಮೇಲಿಟ್ಟ. ಒಳಗೆ ಬಿಸಿನೀರು ಹರಿಯುವ ಸಣ್ಣ ಪೈಪು ಹಾವಿನಂತೆ ಸುತ್ತಿಕೊಂಡಿತ್ತು. ಉಜ್ಜಿ ಉಜ್ಜಿ ಬಂಗಾರದಂತೆ ಹೊಳೆಯುವಂತೆ ಮಾಡಿದ್ದ. ನೋಡಿದ ಕೂಡಲೇ ಅವಳು ಚಮಚ ಕೆಳಗಿಟ್ಟಳು.

"ರೀ, ಇದು ತಾಮ್ರ."

"ಮತ್ತೆ? ಕಾವು ಒಯ್ಯೋಕೆ ಅದಕ್ಕಿಂತ ಒಳ್ಳೇದಿದೆಯಾ? ಅತ್ಯುತ್ತಮ ಮಾಲು ಕಣೇ."

"ತಾಮ್ರವಿಲ್ಲದ ಕಾಯಿಲೆಯ ಇಲಿಗಳ ಕೆಳಗೆ ತಾಮ್ರದ ಪೈಪು ಇಡ್ತೀರಾ? ತಾಯಿ ಇಲಿ ಅದನ್ನ ಕೆರೆದು, ನೆಕ್ಕಿ, ಮರಿಗಳಿಗೆ ತಿನ್ನಿಸಿದರೆ ನನ್ನ ಲೆಕ್ಕ ಏನಾಗ್ಬೇಕು?"

ಗಂಡ ಹಲಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಒಂದು ಗೇಣು ಕತ್ತರಿಸಿಕೊಡಲೇ ಎಂದು ವರ್ಷಗಟ್ಟಲೆ ನಗಿಸಿದವನು ಕೊನೆಗೂ ನಿಜವಾಗಿ ಕತ್ತರಿಸಿಕೊಟ್ಟ ಹಾಗಾಗಿತ್ತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನು ಮತ್ತೆ ಷೆಡ್ಡಿಗೆ ಹೋಗಿ, ಮೂಗು ಮುರಿಯುತ್ತಲೇ, ಪ್ಲಾಸ್ಟಿಕ್ ಕೊಳವೆಯದನ್ನು ಮಾಡಿ ತಂದ. ಪ್ಲಾಸ್ಟಿಕ್ಕಿನ ಬಗ್ಗೆ ಅವನ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ.

ಮೂರು ಗೂಡುಗಳು ಸಿದ್ಧವಾದವು. ಎಡಗಡೆಯದು ಮದ್ದಿನ ಗೂಡು, ನಡುವಿನದು ಎಣ್ಣೆಯ ತಣ್ಣನೆಯ ಗೂಡು, ಬಲಗಡೆಯದು ಎಣ್ಣೆಯ ಬೆಚ್ಚನೆಯ ಗೂಡು. ಇಲಿಕೋಣೆಯ ಕೆಲಸ ನಗುನಗುತ್ತ ಮಾಡುವಂಥದ್ದು, ಆದರೆ ಎಲ್ಲ ದಿನವೂ ಅಲ್ಲ. ನಡುವಿನ ಗೂಡಿನ ಮರಿಗಳು ಹಳೆಯ ವಾಡಿಕೆಯಂತೆ ಎರಡನೆಯ ವಾರ ದಾಟಲಿಲ್ಲ. ಅವುಗಳ ಸರದಿ ಮುಗಿಯುವವರೆಗೂ ಮೀಸೆಯಕ್ಕ ಆ ಪೆಟ್ಟಿಗೆಯ ಬಳಿ ಬೇರೆ ಯಾರನ್ನೂ ಕಳಿಸಲಿಲ್ಲ, ತಾನೇ ನೋಡಿಕೊಂಡಳು. ಅಕ್ಕಪಕ್ಕದಲ್ಲಿ ಕಾವು ಇದ್ದೂ ಇವಕ್ಕೆ ಕೊಡಲಿಲ್ಲವಲ್ಲ ಎಂಬ ಸಂಕಟ ಅವಳಿಗೆ ದಿನವೂ ಬರುತ್ತಿತ್ತು. ಅದು ಬರದಿದ್ದರೆ ಈ ಕೆಲಸ ಮಾಡಬಾರದು ಎಂದು ಅವಳ ನಂಬಿಕೆ.

ಬಲಗಡೆಯ ಗೂಡು ಎರಡನೆಯ ವಾರ ದಾಟಿತು. ಮದ್ದಿಲ್ಲ, ಮೈಯಲ್ಲಿ ತಾಮ್ರವಿಲ್ಲ, ಮೀಸೆ ಹುಟ್ಟಿದಾಗ ಹೇಗಿತ್ತೋ ಹಾಗೇ ಸುರುಳಿ. ಆದರೂ ಮರಿಗಳು ಹಾಲು ಕುಡಿಯುತ್ತಿದ್ದವು, ಕಣ್ಣು ಬಿಟ್ಟವು, ಒಂದರ ಮೇಲೊಂದು ಹತ್ತಿ ಬಿದ್ದವು. ಮೂರನೆಯ ವಾರದ ಹೊತ್ತಿಗೆ ಅವೂ ಒಂದೊಂದಾಗಿ ಸೋತವು. ಮದ್ದಿನ ಗೂಡು ಇನ್ನೂ ಮುಂದೆ ಹೋಯಿತು. ಅಲ್ಲಿಯ ಮರಿಗಳ ತುಪ್ಪಳಕ್ಕೆ ಕೆನೆಯ ಬಣ್ಣ ಬಂತು. ಒಂದು ಬೆಳಿಗ್ಗೆ ಭೂತಗನ್ನಡಿಯ ಕೆಳಗೆ ಮೀಸೆಯೊಂದು ಸೂಜಿಯಂತೆ ನೆಟ್ಟಗೆ ನಿಂತಿರುವುದನ್ನು ಕಂಡು ಮೀಸೆಯಕ್ಕ ಇಡೀ ಮಹಡಿಯನ್ನು ಕರೆದಳು. ದೊಡ್ಡ ದೊಡ್ಡ ಪದವಿಯವರೆಲ್ಲ ಸಾಲಾಗಿ ನಿಂತು ಒಂದು ಕೂದಲನ್ನು ನೋಡಿ ಹೋದರು.

ಲೆಕ್ಕ ಹಾಕಿದಾಗ ಪ್ರೊಫೆಸರರ ಮುಖ ಮೊದಲು ಬಾಡಿತು. ಹೆಚ್ಚಿದ ಆಯುಸ್ಸಿನಲ್ಲಿ ಅರ್ಧಕ್ಕಿಂತ ಕೊಂಚ ಹೆಚ್ಚೇ ಪಾಲು ಬರೀ ಕಾವಿನದಾಗಿತ್ತು. ಮದ್ದಿನ ತಾಮ್ರಕ್ಕೆ ಉಳಿದದ್ದು ಮಿಕ್ಕ ಪಾಲು. ಸುಮ್ಮನೆ ಎರಡೇ ಗೂಡು ಮಾಡಿದ್ದರೆ ಎಲ್ಲ ಹೆಸರೂ ಮದ್ದಿಗೇ ಬರುತ್ತಿತ್ತಲ್ಲ ಎಂದು ಅವರು ಗೊಣಗಿದರು. ಕೆಳಗಿನ ಮಹಡಿಯ ಮೂಳೆಗಳು ಮೀಸೆಯಕ್ಕನ ಕಣ್ಣ ಮುಂದೆ ಬಂದಿದ್ದವು. ಗೊಣಗುತ್ತಲೇ ಪ್ರೊಫೆಸರರು ಕಾಗದದ ಮೇಲೆ ಏನೋ ಗೀಚಿದರು, ಗೀಚುತ್ತ ಗೀಚುತ್ತ ಅವರ ಬೆನ್ನು ನೆಟ್ಟಗಾಯಿತು. ಈ ಮದ್ದಿನಲ್ಲಿ ಅಪಾಯ ಇರುವುದು ಮೈ ಬಿಸಿ ಮಾಡುವ ಗುಣದಲ್ಲೇ. ಕಾವನ್ನು ಹೊರಗಿನಿಂದ ಕೊಡಬಹುದಾದರೆ ಮದ್ದು ತಾಮ್ರ ಒಯ್ದರೆ ಸಾಕು. ಅಂದರೆ ಅಳತೆಯನ್ನು ಅರ್ಧಕ್ಕೆ, ಬಹುಶಃ ಅದಕ್ಕೂ ಕೆಳಗೆ ಇಳಿಸಬಹುದು. ಸಮಿತಿ ಕೂತಿತು, ಪ್ರಶ್ನೆ ಕೇಳಿತು, ಚಹಾ ಕುಡಿಯಿತು. ಕೆಲಸ ಮುಂದುವರಿಯಲಿ, ತಳಿ ಇರಲಿ, ಮುಂದಿನ ಸುತ್ತು ಕಡಿಮೆ ಮದ್ದು ಮತ್ತು ಬೆಚ್ಚನೆಯ ಹಲಗೆ ಎರಡೂ ಸೇರಿಸಿ ನಡೆಯಲಿ ಎಂದಿತು. ಹಲಗೆ ಯಾರು ಮಾಡಿದ್ದು ಎಂದು ಒಬ್ಬರು ಕೇಳಿದರಂತೆ. ಆ ಮಾತು ಮನೆಗೆ ಮುಟ್ಟಿದ ಮೇಲೆ ಗಂಡ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಸಮಿತಿಯ ಮಾತು ಗೊತ್ತಾದ ದಿನವೇ ಮೀಸೆಯಕ್ಕ ಮಧ್ಯಾಹ್ನದ ರಜೆ ಹಾಕಿ ತಂಗಿಯ ಬಸ್ಸು ನಿಲ್ಲುವ ಷೆಡ್ಡಿಗೆ ಹೋದಳು. ಬೆಳಗಿನ ಪಾಳಿ ಮುಗಿದು ಸಂಜೆಯದು ಶುರುವಾಗುವ ನಡುವೆ ತಂಗಿ ಬಸ್ಸು ತೊಳೆಯುತ್ತಾಳೆ. ಪ್ಯಾಂಟು ಮೊಣಕಾಲಿಗೆ ಮಡಚಿ, ಕೈಯಲ್ಲಿ ನೀರಿನ ಕೊಳವೆ ಹಿಡಿದು, ಕಿಟಕಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಬೈಯುತ್ತಿದ್ದವಳು ಅಕ್ಕನನ್ನು ಕಂಡು ನಲ್ಲಿ ನಿಲ್ಲಿಸಿದಳು. ಈ ಹೊತ್ತಿನಲ್ಲಿ ಬಂದಿದ್ದೀಯ, ಕೆಲಸದಿಂದ ತೆಗೆದರೇನು ಎಂದು ಕೇಳಿದಳು. ತೆಗೆದಿಲ್ಲ ಎಂದು ಹೇಳಿ ಮೀಸೆಯಕ್ಕ ಒಳಗೆ ಹೋಗಿ ಮೊದಲ ಸೀಟಿನಲ್ಲಿ ಕೂತಳು. ತಂಗಿ ಡ್ರೈವರ್ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಳು.

ಮೀಸೆಯಕ್ಕ ಮೂರು ಗೂಡಿನ ಕತೆಯನ್ನು ಮೊದಲಿನಿಂದ ಹೇಳಿದಳು. ಎಣ್ಣೆ, ಮದ್ದು, ಹಲಗೆ, ತಾಮ್ರದ ಪೈಪಿನ ಪ್ರಸಂಗ. ಪೈಪಿನ ಭಾಗಕ್ಕೆ ತಂಗಿ ಸ್ಟಿಯರಿಂಗಿಗೆ ತಲೆ ಚಚ್ಚಿಕೊಂಡು ನಕ್ಕಳು. ಬೆಚ್ಚನೆಯ ಗೂಡಿನ ಮರಿಗಳ ವಿಷಯಕ್ಕೆ ಬಂದಾಗ ನಗು ನಿಂತಿತು.

"ಮದ್ದಿಲ್ಲದೇನಾ?" ಎಂದಳು.

"ಮದ್ದಿಲ್ಲದೆ. ಬರೀ ಬೆಚ್ಚಗೆ ಇಟ್ಟಿದ್ದು. ಅಷ್ಟಕ್ಕೇ ಹೆಚ್ಚು ದಿನ ಇದ್ವು. ಹಾಲು ಕುಡಿದ್ವು, ಕಣ್ಣು ಬಿಟ್ವು, ಆಟ ಆಡಿದ್ವು. ತಣ್ಣಗಿನ ಗೂಡಿನವಕ್ಕೆ ಅದ್ಯಾವುದೂ ಸಿಗಲಿಲ್ಲ."

ತಂಗಿ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಮೀಸೆಯಕ್ಕನಿಗೆ ಭಯವಾಯಿತು. ಹೇಳಬಾರದ್ದನ್ನು ಹೇಳಿದೆನೇ ಎಂದುಕೊಂಡಳು. ಕಲಿತ ವಿದ್ಯೆ ಸುಮ್ಮನಿರಲು ಬಿಡಲೂ ಇಲ್ಲ. "ಇದು ಇಲಿಗಳ ಮಾತು ಕಣೇ," ಎಂದಳು. "ಮನುಷ್ಯರಲ್ಲೂ ಹೀಗೇ ಅಂತ ನಾನು ಹೇಳೋಕಾಗಲ್ಲ. ಅದಕ್ಕಿನ್ನೂ ತುಂಬ ದೂರ ಇದೆ."

"ಇಲಿಗಳದ್ದೇ ಇರಲಿ ಅಕ್ಕಾ," ಎಂದಳು ತಂಗಿ. ಅವಳ ಕಣ್ಣು ತುಂಬಿ ಹರಿಯುತ್ತಿತ್ತು, ಮುಖದ ತುಂಬ ನಗು. "ಇನ್ನೊಂದ್ಸಲ ಹೇಳು."

ಮೀಸೆಯಕ್ಕ ಎದ್ದು ಬಂದು ಪಕ್ಕದ ಮೆಟ್ಟಿಲ ಮೇಲೆ ಕೂತು, ಇನ್ನೊಂದು ಸಲ ಹೇಳಿದಳು.